ಡ್ರೂ ಬ್ರೀಸ್: ಆರಡಿಯ ಕ್ವಾರ್ಟರ್‌ಬ್ಯಾಕ್ ಗೋಡೆಯಾಚೆ ಹೇಗೆ ನೋಡುತ್ತಿದ್ದ?

ಭಾನುವಾರದ_ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಚೆನ್ನಾಗಿ ಬಲ್ಲವರಿಗೆ ಮೂರು ಪ್ರಶ್ನೆ. ಮೂರೂ ಡ್ರೂ ಬ್ರೀಸ್ ಬಗ್ಗೆಯೇ, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್.

ಒಂದು: ಅವನ ಎತ್ತರ ಆರಡಿ. ಮುಂದೆ ಗೋಡೆಯಂತೆ ನಿಂತು ಅವನನ್ನು ಕಾಯುವ ಅವನದೇ ಲೈನ್‌ಮನ್‌ಗಳು ಆರಡಿ ನಾಲ್ಕಿಂಚು, ಐದಿಂಚು. ಅವರಾಚೆಯಿಂದ ಎದುರಾಳಿಗಳು ಕೈ ಎತ್ತಿಕೊಂಡು ನುಗ್ಗುತ್ತಾರೆ. ಇಷ್ಟರ ನಡುವೆ 20 ಸೀಸನ್ ಆಡಿ 80,358 ಯಾರ್ಡ್, 571 ಟಚ್‌ಡೌನ್ ಪಾಸ್ (ಕೊನೆಯ ಗೆರೆ ದಾಟಿ ಅಂಕ ತರುವ ಎಸೆತ) ಎಸೆದ. ಅವನಿಗೆ ಏನು ಕಾಣುತ್ತಿತ್ತು?

ಎರಡು: 2006ರಲ್ಲಿ ಮಯಾಮಿ ಡಾಲ್ಫಿನ್ಸ್ ಅವನನ್ನು ಬೇಡವೆಂದಿದ್ದು ಭುಜದ ಗಾಯಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಆ ಗಾಯ ನಿಜಕ್ಕೂ ಎಷ್ಟು ದೊಡ್ಡದು?

ಮೂರು: ಇಷ್ಟೆಲ್ಲ ದಾಖಲೆ ಇದ್ದೂ ಒಂದೇ ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆಲುವು ಯಾಕೆ?

ಏಳನೇ_ಹೆಜ್ಜೆ

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಗೋಡೆಯ ಮೇಲಿಂದ ಯಾವ ಕ್ವಾರ್ಟರ್‌ಬ್ಯಾಕೂ ನೋಡುವುದಿಲ್ಲ. ಆರಡಿ ಐದಿಂಚಿನವನೂ ನೋಡುವುದು ಲೈನ್‌ಮನ್‌ಗಳ ನಡುವಿನ ಸಂದಿಯಲ್ಲೇ. ಎತ್ತರದವನಿಗೆ ಸಂದಿ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಬ್ರೀಸ್‌ಗೆ ಆ ಸಂದಿಯನ್ನು ಮಾಡಿಕೊಡಬೇಕಿತ್ತು. ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅದನ್ನು ಲೆಕ್ಕಹಾಕಿ ಮಾಡಿತು.

ಲೈನಿನ ಐವರಲ್ಲಿ ನಡುವಿನ ಮೂವರು ಸೆಂಟರ್ ಮತ್ತು ಎರಡು ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಬಹಳಷ್ಟು ತಂಡಗಳು ಹಣ ಸುರಿಯುವುದು ಎಡ ಟ್ಯಾಕಲ್ ಮೇಲೆ, ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವವನು ಅವನೇ ಆದ್ದರಿಂದ. ಸೇಂಟ್ಸ್ ಹಣ ಹಾಕಿದ್ದು ಗಾರ್ಡ್‌ಗಳ ಮೇಲೆ. ಜಾರಿ ಎವನ್ಸ್ 2006ರ ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸುವುದು) ನಾಲ್ಕನೇ ಸುತ್ತಿನಲ್ಲಿ ಬ್ಲೂಮ್ಸ್‌ಬರ್ಗ್ ಎಂಬ ಸಣ್ಣ ಕಾಲೇಜಿನಿಂದ ಬಂದ. ಕಾರ್ಲ್ ನಿಕ್ಸ್ 2008ರ ಐದನೇ ಸುತ್ತಿನವನು. 2010ರಲ್ಲಿ ಎವನ್ಸ್‌ಗೆ ಏಳು ವರ್ಷಕ್ಕೆ 5.67 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆ ಹೊತ್ತಿಗೆ ಗಾರ್ಡ್ ಒಬ್ಬನಿಗೆ ಸಿಕ್ಕ ಅತಿ ದೊಡ್ಡ ಮೊತ್ತ ಅದು.

ಕಾರಣ ಸರಳ. ತುದಿಯಿಂದ ಬರುವವನು ಸುತ್ತು ಹಾಕಿ ಬರಬೇಕು. ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಟ್ಟರೆ ಅವನು ಬೆನ್ನ ಹಿಂದೆ ಹಾಯ್ದು ಹೋಗುತ್ತಾನೆ. ನಡುವಿನಿಂದ ನುಗ್ಗುವವನು ಹಾಗಲ್ಲ. ಸೋತ ಗಾರ್ಡ್ ಬಂದು ಬೀಳುವುದೇ ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೆ. ಆಗ ಸಂದಿಯೂ ಮುಚ್ಚಿತು, ಮುಂದೆ ಕಾಲಿಡಲು ಜಾಗವೂ ಇಲ್ಲ. ಕುಳ್ಳನಿಗೆ ಇದು ಎರಡು ಪಟ್ಟು ತೊಂದರೆ.

ಇನ್ನು ಅವನ ಪಾದ. ಬ್ರೀಸ್‌ನ ನಿಖರತೆ ಹುಟ್ಟಿದ್ದು ತೋಳಿನಲ್ಲಿ ಅಲ್ಲ, ಅಲ್ಲಿ. ಬಲಗೈ ಎಸೆತಗಾರ ಸೆಂಟರ್‌ನಿಂದ ಚೆಂಡು ಪಡೆದು ಹಿಂದೆ ಸರಿಯುವಾಗ ಹೆಜ್ಜೆ 3, 5 ಅಥವಾ 7. ಬೆಸಸಂಖ್ಯೆಯೇ ಯಾಕೆಂದರೆ ಮೊದಲ ಹೆಜ್ಜೆ ಬಲಗಾಲಿನದು, ಕೊನೆಯಲ್ಲಿ ನೆಲ ಕಚ್ಚಬೇಕಾದದ್ದೂ ಬಲಗಾಲೇ. ಐದು ಹೆಜ್ಜೆಯಲ್ಲಿ ಮೊದಲ ಮೂರು ದೊಡ್ಡವು, ಕೊನೆಯ ಎರಡು ಚಿಕ್ಕವು, ಬ್ರೇಕ್ ಹಾಕಿದ ಹಾಗೆ. ಅಷ್ಟು ಹೊತ್ತಿಗೆ ಸುಮಾರು ಏಳು ಯಾರ್ಡ್ ಹಿಂದೆ ಬಂದಿರುತ್ತಾನೆ. ಶಾಟ್‌ಗನ್ ಎಂಬ ನಿಲುವಿನಲ್ಲಿ ಮೊದಲೇ ಐದು ಯಾರ್ಡ್ ಹಿಂದೆ ನಿಂತಿರುವುದರಿಂದ ಮೂರು ಹೆಜ್ಜೆ ಸಾಕು.

ಈ ಹೆಜ್ಜೆಗಳೇ ಗಡಿಯಾರ. ಮೂರು ಹೆಜ್ಜೆಯ ಕೊನೆಗೆ ಸ್ಲ್ಯಾಂಟ್ (ಓರೆಯಾಗಿ ಒಳಕ್ಕೆ) ಓಡುವವನಿಗೆ ಚೆಂಡು ಹೊರಡಬೇಕು. ಐದು ಹೆಜ್ಜೆ, ಜೊತೆಗೊಂದು ಪುಟ್ಟ ಮುಂಜಿಗಿತ ಮುಗಿದಾಗ 12 ಯಾರ್ಡ್‌ನಲ್ಲಿ ತಿರುಗಿ ನಿಲ್ಲುವವನಿಗೆ ಹೊರಡಬೇಕು. ಅವನು ಇನ್ನೂ ಬೆನ್ನು ತೋರಿಸುತ್ತಿರುವಾಗಲೇ ಬ್ರೀಸ್ ಎಸೆದಿರುತ್ತಿದ್ದ. ಕಂಡ ಮೇಲೆ ಎಸೆಯುವವನಿಗೆ ಎತ್ತರ ಬೇಕು. ಎಲ್ಲಿಗೆ ಬರುತ್ತಾನೆಂದು ಮೊದಲೇ ತಿಳಿದು ಎಸೆಯುವವನಿಗೆ ರಕ್ಷಣಾ ಆಟಗಾರನ ಒಂದು ಹೆಗಲು ಎತ್ತ ತಿರುಗಿತು ಎಂದು ಕಂಡರೆ ಸಾಕು.

ಎಡವಟ್ಟಾಗುವುದು ಎಲ್ಲಿ? ಮುಂಗಾಲು ತೀರ ಉದ್ದಕ್ಕೆ ಚಾಚಿದರೆ ಮುಂಡ ಹಿಂದೆ ಉಳಿದು ಚೆಂಡು ಅದನ್ನು ಹಿಡಿಯಬೇಕಾದ ರಿಸೀವರ್ ತಲೆಯ ಮೇಲೆ ಹಾರುತ್ತದೆ. ಮುಂಗಾಲು ಗುರಿಗೆ ಅಡ್ಡವಾಗಿ ಬಿದ್ದರೆ ಸೊಂಟ ತಿರುಗದೆ ಬರೀ ತೋಳಿನ ಬಲದಲ್ಲಿ ಎಸೆಯಬೇಕಾಗುತ್ತದೆ. ಹಿಂಗಾಲಿನ ಮೇಲೇ ಭಾರವಿಟ್ಟು ಎಸೆದರೆ ಚೆಂಡು ತೇಲುತ್ತದೆ, ಎದುರಾಳಿಯ ಹಿಂಸಾಲಿನ ಸೇಫ್ಟಿ ಬಂದು ಹಿಡಿಯುತ್ತಾನೆ. ಬ್ರೀಸ್‌ನ ಪಂದ್ಯಗಳಲ್ಲಿ ಈ ಮೂರೂ ತೀರಾ ವಿರಳ. ಪಾಕೆಟ್ (ಲೈನ್ ಕಾಯುವ ಜಾಗ) ಒಳಗೆ ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಜಾರಿ, ತುದಿಗಾಲಲ್ಲಿ ನಿಂತು ಸಂದಿ ಹುಡುಕುವುದು ಅವನ ಗುರುತು. ಆದರೆ ಎಸೆಯುವ ಕ್ಷಣಕ್ಕೆ ಎರಡೂ ಪಾದ ಅವುಗಳ ಜಾಗಕ್ಕೆ ಬಂದಿರುತ್ತಿದ್ದವು.

ಧಾರವಾಡ_ಪೇಡಾ

ಸರ್, ಬರ್ದದ್ದು ಚಲೋ ಐತಿ. ಆದ್ರ ಎಲ್ಲಾ ಶ್ರೇಯಸ್ಸು ಅವನ ಪಾದಕ್ಕ ಕೊಡಬ್ಯಾಡ್ರಿ. ಸೇಂಟ್ಸ್ ತವರು ಕ್ರೀಡಾಂಗಣ ಸೂಪರ್‌ಡೋಮ್ ಮ್ಯಾಲ ಚಾವಣಿ ಐತಿ. ಗಾಳಿ ಇಲ್ಲ, ಮಳಿ ಇಲ್ಲ, ಹಿಮ ಇಲ್ಲ. ಶಾನ್ ಪೇಟನ್ ಅಂಥಾ ಕೋಚ್ ಇದ್ದ. ಎಸೆಯೋ ಚೆಂಡು ಹಿಡಿಯಾಕ ಆರಡಿ ನಾಲ್ಕಿಂಚಿನ ಮಾರ್ಕಸ್ ಕೋಲ್ಸ್ಟನ್, ಆರಡಿ ಏಳಿಂಚಿನ ಜಿಮ್ಮಿ ಗ್ರಹಾಂ. ಚೆಂಡು ಹಿಡಕೊಂಡು ಓಡೋ ರನ್ನಿಂಗ್ ಬ್ಯಾಕ್‌ಗಳಾದ ರೆಜಿ ಬುಷ್, ಡ್ಯಾರೆನ್ ಸ್ಪ್ರೋಲ್ಸ್, ಅಲ್ವಿನ್ ಕಮಾರಾ ಎಲ್ಲಾರೂ ರಿಸೀವರ್ ಹಂಗ ಹಿಡಿಯೋರು. ಇಷ್ಟು ಸಾಮಾನು ಕೊಟ್ಟ ಮ್ಯಾಲ ಅಡಗಿ ರುಚಿ ಆಗ್ಲೇಬೇಕಲ್ರಿ.

ಏಳನೇ_ಹೆಜ್ಜೆ

ಚಾವಣಿಯ ಮಾತು ಒಪ್ಪುತ್ತೇನೆ, ಅದು ನೆರವಾಗಿದೆ. ಆದರೆ ಸಾಮಾನು ಯಾವ ಬೆಲೆಗೆ ಬಂತು ನೋಡಿ. ಕೋಲ್ಸ್ಟನ್ 2006ರ ಏಳನೇ ಸುತ್ತಿನಲ್ಲಿ 252ನೆಯವನಾಗಿ ಆಯ್ಕೆಯಾದವನು. ಗ್ರಹಾಂ ಮೂರನೇ ಸುತ್ತಿನವನು, ಕಾಲೇಜಿನಲ್ಲಿ ಬಹುಪಾಲು ಬಾಸ್ಕೆಟ್‌ಬಾಲ್ ಆಡಿದವನು. ಇಂಥವರು ದೊಡ್ಡವರಾದದ್ದು ಹೊತ್ತಿಗೆ ಸರಿಯಾಗಿ ಕೈಗೆ ಬಂದ ಚೆಂಡಿನಿಂದಲೂ ಹೌದು.

ಪೇಟನ್ ವಿಷಯಕ್ಕೆ ಬಂದರೆ, ಒಂದು ಆಟಕ್ಕೂ ಮುಂದಿನದಕ್ಕೂ ನಡುವಿನ 40 ಸೆಕೆಂಡಿನಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಿದರೆ ಕೋಚ್ ಕೆಲಸ ಎಲ್ಲಿ ಮುಗಿಯುತ್ತದೆ, ಕ್ವಾರ್ಟರ್‌ಬ್ಯಾಕ್ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಾದೀತು.

ಹಿಂದಿನ ಆಟ ಮುಗಿದ ಕೂಡಲೇ ಗಡಿಯಾರ 40ರಿಂದ ಇಳಿಯುತ್ತದೆ. ಕೋಚ್ ಹೆಡ್‌ಸೆಟ್‌ನಲ್ಲಿ ಕರೆ ಹೇಳುತ್ತಾನೆ. ಅದು ಬರುವುದು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗಿನ ಸ್ಪೀಕರ್‌ಗೆ. ಆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕಿ ಇರುತ್ತದೆ. ಗಡಿಯಾರ 15ಕ್ಕೆ ಬಂತೋ, ರೇಡಿಯೋ ತಾನಾಗಿ ಬಂದ್. ಅಲ್ಲಿಂದ ಮುಂದೆ ಅವನು ಒಬ್ಬನೇ.

ಕರೆಯಲ್ಲಿ ಐದು ಭಾಗ: ಯಾರು ಎಲ್ಲಿ ನಿಲ್ಲಬೇಕು, ಯಾರು ಸ್ನ್ಯಾಪ್‌ಗೆ (ಸೆಂಟರ್ ಚೆಂಡು ಹಿಂದಕ್ಕೆ ಕೊಡುವುದಕ್ಕೆ) ಮುಂಚೆ ಅಡ್ಡ ಸರಿಯಬೇಕು, ಲೈನ್ ಯಾವ ಬಗೆಯಲ್ಲಿ ತಡೆಯಬೇಕು, ಯಾವ ರಿಸೀವರ್ ಯಾವ ದಾರಿ ಓಡಬೇಕು, ಎಷ್ಟನೇ ಎಣಿಕೆಗೆ ಚೆಂಡು ಹೊರಡಬೇಕು. ಬ್ರೀಸ್ ಅದನ್ನು ಒಮ್ಮೆ ಕೇಳಿ ಗುಂಪಿಗೆ ಒಪ್ಪಿಸಬೇಕು. ಒಂದು ಪದ ತಪ್ಪಿದರೆ ಒಬ್ಬ ರಿಸೀವರ್ ಬೇರೆ ದಾರಿ ಹಿಡಿದ ಎಂದೇ ಅರ್ಥ. ಆಮೇಲೆ ಲೈನಿಗೆ ಬಂದು ಎದುರಾಳಿಯ ನಡು ಲೈನ್‌ಬ್ಯಾಕರ್ (ಅವರ ಮುಂಸಾಲಿನ ಹಿಂದೆ ನಿಲ್ಲುವವನು) ಯಾರೆಂದು ಕೂಗಿ ತೋರಿಸಬೇಕು, ಅದನ್ನು ‘ಮೈಕ್’ ಗುರುತಿಸುವುದು ಅನ್ನುತ್ತಾರೆ. ಯಾರು ಯಾರನ್ನು ತಡೆಯಬೇಕೆಂದು ಲೈನ್ ಲೆಕ್ಕ ಹಾಕುವುದು ಅವನನ್ನು ಹಿಡಿದು. ಆರನೆಯವನು ನುಗ್ಗುವ ಸೂಚನೆ ಕಂಡರೆ ರನ್ನಿಂಗ್ ಬ್ಯಾಕ್‌ನ ಜಾಗ ಬದಲಿಸಬೇಕು, ಇಲ್ಲವೇ ರಿಸೀವರ್‌ಗೆ ದಾರಿ ಮೊಟಕು ಮಾಡಲು ಹೇಳಬೇಕು. ಎದುರಾಳಿಯ ಊರಲ್ಲಿ ಗದ್ದಲಕ್ಕೆ ಕೂಗು ಕೇಳದಿದ್ದರೆ ಎಣಿಕೆ ಬಾಯಲ್ಲಿಲ್ಲ. ಗಾರ್ಡ್ ತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರ್‌ನನ್ನು ತಟ್ಟುತ್ತಾನೆ.

ಪಂದ್ಯದ ಹಿಂದಿನ ರಾತ್ರಿ ಪೇಟನ್ ಮತ್ತು ಬ್ರೀಸ್ ಕೂತು ಆಟಗಳ ಪಟ್ಟಿ ನೋಡುತ್ತಿದ್ದರು. ಬ್ರೀಸ್ ತನಗೆ ಹಿಡಿಸಿದವಕ್ಕೆ ಗುರುತು ಹಾಕುತ್ತಿದ್ದ, ಹಿಡಿಸದವನ್ನು ಬಿಡುತ್ತಿದ್ದರು. ಪೇಟನ್ ತಂತ್ರ ಎಂದು ನಾವು ಕರೆಯುವುದರಲ್ಲಿ ಅರ್ಧ ಬ್ರೀಸ್ ಆರಿಸಿದ್ದು.

ಆಸ್ಟಿನ್_ಕನ್ನಡತಿ

ಅವನ ಮೊದಲ ಭಾಗವನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ಹಾಗಾಗಿ ಇಲ್ಲಿ ಸೇರಿಸುತ್ತೇನೆ.

ಹುಟ್ಟಿದ್ದು 1979ರ ಜನವರಿ 15, ಡಲ್ಲಾಸ್‌ನಲ್ಲಿ. ಓದಿದ್ದು ಆಸ್ಟಿನ್‌ನ ವೆಸ್ಟ್‌ಲೇಕ್ ಹೈಸ್ಕೂಲ್. ಬಾಲಕನಾಗಿ ಟೆನಿಸ್ ಆಡುತ್ತಿದ್ದ, ತನಗಿಂತ ಚಿಕ್ಕವನಾದ ಆ್ಯಂಡಿ ರಾಡಿಕ್‌ನನ್ನು ಆ ವಯಸ್ಸಿನಲ್ಲಿ ಸೋಲಿಸಿದ್ದ. ಏಳನೇ_ಹೆಜ್ಜೆ ಅವರು ಹೇಳಿದ ಪಾದದ ಚಿಕ್ಕಚಿಕ್ಕ ಹೊಂದಾಣಿಕೆ ಟೆನಿಸ್ ಆಡಿದವರಿಗೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. 1995ರಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಮರುವರ್ಷ ವಾಪಸಾಗಿ 16 ಪಂದ್ಯ ಆಡಿ ಹದಿನಾರನ್ನೂ ಗೆದ್ದು ಟೆಕ್ಸಸ್ ರಾಜ್ಯ ಪಟ್ಟ ತಂದುಕೊಟ್ಟ. ಇಷ್ಟಾದರೂ ಟೆಕ್ಸಸ್‌ನ ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಎತ್ತರ, ಮೊಣಕಾಲು, ಎರಡೂ ಅಡ್ಡ ಬಂದವು.

ಹೋಗಿದ್ದು ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ. ಕೋಚ್ ಜೋ ಟಿಲ್ಲರ್ ರಿಸೀವರ್‌ಗಳನ್ನು ಮೈದಾನದ ಅಗಲಕ್ಕೂ ಹರಡಿ ಆಡಿಸುವವರು. ಆ ಕಾಲಕ್ಕೆ ಬಿಗ್ ಟೆನ್ ಕೂಟದಲ್ಲಿ ಅದು ಹೊಸದು, ಅಲ್ಲೆಲ್ಲ ಓಡಿಸಿ ಆಡುವುದೇ ರೂಢಿ. 1998ರಲ್ಲಿ ವಿಸ್ಕಾನ್ಸಿನ್ ವಿರುದ್ಧ ಒಂದೇ ಪಂದ್ಯದಲ್ಲಿ 83 ಸಲ ಎಸೆದ, 55 ಕೈ ಸೇರಿದವು, ಆದರೂ 31-24ರಿಂದ ಸೋತರು. 2000ದ ಸೀಸನ್‌ನಲ್ಲಿ ಪರ್ಡ್ಯೂವನ್ನು ರೋಸ್ ಬೌಲ್‌ಗೆ ಕರೆದೊಯ್ದ. ಅದಕ್ಕೆ ಮುಂಚೆ ಪರ್ಡ್ಯೂ ಅಲ್ಲಿ ಆಡಿದ್ದು 1967ರಲ್ಲಿ.

2001ರ ಡ್ರಾಫ್ಟ್‌ನಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಮೊದಲ ಆಯ್ಕೆಯನ್ನು ಅಟ್ಲಾಂಟಾಗೆ ಮಾರಿತು, ಅವರು ಮೈಕಲ್ ವಿಕ್‌ನನ್ನು ತೆಗೆದುಕೊಂಡರು. ಚಾರ್ಜರ್ಸ್ ಐದನೆಯದರಲ್ಲಿ ಲಡೇನಿಯನ್ ಟಾಮ್ಲಿನ್ಸನ್, 32ನೆಯದರಲ್ಲಿ ಬ್ರೀಸ್. 2003 ಅವನಿಗೆ ಕೆಟ್ಟ ವರ್ಷ: 11 ಟಚ್‌ಡೌನ್, 15 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ಅವನನ್ನು ಕೂರಿಸಿ ಡಗ್ ಫ್ಲೂಟಿಯನ್ನು ಆಡಿಸಿದರು. ಫ್ಲೂಟಿ ಬ್ರೀಸ್‌ಗಿಂತಲೂ ಎರಡಿಂಚು ಕುಳ್ಳ! 2004ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಫಿಲಿಪ್ ರಿವರ್ಸ್ ಬಂದ. ಆದರೆ ಅವನ ಒಪ್ಪಂದದ ಮಾತುಕತೆ ಎಳೆದು ಅಭ್ಯಾಸ ಶಿಬಿರಕ್ಕೆ ತಡವಾಯಿತು, ಬ್ರೀಸ್ ಜಾಗ ಉಳಿಯಿತು. ಆ ಸೀಸನ್‌ನಲ್ಲಿ 27 ಟಚ್‌ಡೌನ್, 7 ಇಂಟರ್‌ಸೆಪ್ಷನ್. ತಂಡ 12-4 (12 ಗೆಲುವು, 4 ಸೋಲು).

ಕಾವೇರಿತೀರ

2003ಕ್ಕೂ 2004ಕ್ಕೂ ನಡುವೆ ಏನು ಬದಲಾಯಿತು ಮೇಡಂ? ಅದೇ ತೋಳು, ಅದೇ ಎತ್ತರ.

ಏಳನೇ_ಹೆಜ್ಜೆ

ಅದರಲ್ಲಿ ಟಾಮ್ ಹೌಸ್ ಪಾತ್ರ ದೊಡ್ಡದು. ಹೌಸ್ ಬೇಸ್‌ಬಾಲ್ ಪಿಚರ್ ಆಗಿದ್ದವರು, ಆಮೇಲೆ ಪಿಚಿಂಗ್ ಕೋಚ್. ಎಸೆತವನ್ನು ನೆಲದಿಂದ ಮೇಲಕ್ಕೆ ಕಟ್ಟುವುದು ಅವರ ಪದ್ಧತಿ: ಪಾದ, ಸೊಂಟ, ಮುಂಡ, ಭುಜ, ಕೊನೆಗೆ ಮುಂಗೈ, ಒಂದಾದ ಮೇಲೊಂದು ತಿರುಗಬೇಕು. ಭುಜ ಸೊಂಟಕ್ಕಿಂತ ಮುಂಚೆ ತಿರುಗಿದರೆ ಬಲವೂ ಹೋಯಿತು, ಗುರಿಯೂ ಹೋಯಿತು. ಎಸೆಯದ ಎಡಗೈಯನ್ನು ಸುಮ್ಮನೆ ಬೀಸದೆ ಎದೆಯ ಮುಂದೆ ಗಟ್ಟಿಯಾಗಿ ಹಿಡಿಯಬೇಕು. ಬ್ರೀಸ್ ಎಸೆಯುವ ಯಾವ ಚಿತ್ರ ನೋಡಿದರೂ ಆ ಎಡಗೈ ನೋಡಿ.

ಇನ್ನೊಂದು, ಅವನ ಅಂಗೈ ದೊಡ್ಡದು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಹತ್ತೂಕಾಲು ಇಂಚು. ಚೆಂಡಿನ ಉದ್ದ ಸುಮಾರು 11 ಇಂಚು, ತೂಕ 400 ಗ್ರಾಂ ಆಸುಪಾಸು. ಹಿಡಿತ ಬಿಗಿಯಿದ್ದರೆ ಅಣಕು ಎಸೆತ ಹಾಕಿ ಚೆಂಡು ವಾಪಸ್ ಎಳೆದುಕೊಳ್ಳಬಹುದು.

ಮೂಳೆ_ಡಾಕ್ಟರ್

ಎರಡನೇ ಪ್ರಶ್ನೆ ನನಗಿರಲಿ.

2005ರ ಡಿಸೆಂಬರ್ 31, ಸೀಸನ್‌ನ ಕೊನೆಯ ಪಂದ್ಯ, ಎದುರಿಗೆ ಡೆನ್ವರ್ ಬ್ರಾಂಕೋಸ್. ಜಾನ್ ಲಿಂಚ್ ಹೊಡೆತಕ್ಕೆ ಚೆಂಡು ಕೈ ಜಾರಿತು. ಬ್ರೀಸ್ ಅದನ್ನು ಹಿಡಿಯಲು ಬಲಗೈ ಚಾಚಿ ಬಿದ್ದ. ಅದೇ ಹೊತ್ತಿಗೆ ಜೆರಾರ್ಡ್ ವಾರೆನ್ ಎಂಬ ಭಾರೀ ಆಳು ಮೇಲೆ ಬಿದ್ದ. ಚಾಚಿದ ತೋಳಿನ ಭುಜ ಕೀಲು ತಪ್ಪಿತು.

ಭುಜದ ಕೀಲನ್ನು ಚಿಕ್ಕ ತಟ್ಟೆಯ ಮೇಲಿಟ್ಟ ದೊಡ್ಡ ಚೆಂಡು ಅಂದುಕೊಳ್ಳಿ. ತಟ್ಟೆ ತೀರಾ ಆಳವಿಲ್ಲ. ಅದರ ಸುತ್ತ ಮೃದ್ವಸ್ಥಿಯ ಉಂಗುರವೊಂದು ಅಂಚು ಕಟ್ಟಿರುತ್ತದೆ, ಅದು ಲೇಬ್ರಮ್. ಹೊರಗಿನಿಂದ ನಾಲ್ಕು ಸ್ನಾಯುಗಳು ಚೆಂಡನ್ನು ತಟ್ಟೆಗೆ ಒತ್ತಿ ಹಿಡಿದಿರುತ್ತವೆ, ಅವು ರೊಟೇಟರ್ ಕಫ್. ಬ್ರೀಸ್‌ನ ಲೇಬ್ರಮ್ ಸುತ್ತಲೂ ಕಿತ್ತು ಬಂದಿತ್ತು, ಕಫ್ ಕೂಡ ಹರಿದಿತ್ತು. ಕೆಲವೇ ದಿನಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾ. ಜೇಮ್ಸ್ ಆ್ಯಂಡ್ರೂಸ್ ಶಸ್ತ್ರಚಿಕಿತ್ಸೆ ಮಾಡಿದರು. ಇಂಥ ದುರಸ್ತಿಯಲ್ಲಿ ಮೂಳೆಗೆ ಪುಟ್ಟ ಆ್ಯಂಕರ್ ಕೂರಿಸಿ ಅದರ ದಾರದಿಂದ ಲೇಬ್ರಮ್ಮನ್ನು ಬಿಗಿಯುತ್ತಾರೆ. ಸಾಮಾನ್ಯವಾಗಿ ಮೂರು ನಾಲ್ಕು ಸಾಕು. ಬ್ರೀಸ್‌ಗೆ ಹತ್ತಕ್ಕೂ ಹೆಚ್ಚು ಬೇಕಾದವು.

ಎಸೆತಗಾರನಿಗೆ ಇದು ಯಾಕೆ ಅಷ್ಟು ಅಪಾಯ? ಎಸೆಯುವ ಮುನ್ನ ಮುಂಗೈ ಹಿಂದಕ್ಕೆ ಮಲಗುತ್ತದೆ, ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ. ಆ ತಿರುವೇ ಚಾಟಿಯ ಬೀಸು. ದುರಸ್ತಿ ತೀರ ಬಿಗಿಯಾದರೆ ಆ ತಿರುವು ಸಿಗದೆ ವೇಗ ಸಾಯುತ್ತದೆ. ಬೇಗ ಹಿಗ್ಗಿಸಲು ಹೋದರೆ ಹೊಲಿಗೆ ಸಡಿಲಾಗಿ ಕೀಲು ಮತ್ತೆ ಜಾರುತ್ತದೆ. ಆದ್ದರಿಂದ ಸಾಮಾನ್ಯ ಕ್ರಮವೆಂದರೆ ಮೊದಲ ವಾರಗಳು ಜೋಳಿಗೆಯಲ್ಲಿ ಕೈ, ಫಿಸಿಯೋ ಮಾತ್ರ ನಿಧಾನ ಆಡಿಸುವುದು. ಆಮೇಲೆ ತಾನೇ ಎತ್ತುವುದು, ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು. ತಿಂಗಳುಗಳ ನಂತರ ಹತ್ತು ಹದಿನೈದು ಯಾರ್ಡ್ ಮೆಲ್ಲನೆಯ ಎಸೆತ, ದಿನ ಬಿಟ್ಟು ದಿನ. ದೂರ ಹೆಚ್ಚಿಸಿದ ದಿನ ಎಸೆತದ ಸಂಖ್ಯೆ ಹೆಚ್ಚಿಸುವಂತಿಲ್ಲ. ಮರುದಿನ ಬೆಳಗ್ಗೆ ನೋವಿದ್ದರೆ ಒಂದು ಮೆಟ್ಟಿಲು ಕೆಳಗೆ. ಬ್ರೀಸ್‌ನ ಆರೈಕೆ ನಡೆಸಿದವರು ಕೆವಿನ್ ವಿಲ್ಕ್. ಜನವರಿಯಲ್ಲಿ ಚಾಕು ಮುಟ್ಟಿದ ಭುಜ ಸೆಪ್ಟೆಂಬರ್ 10ಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಪಂದ್ಯ ಆಡಿ ಗೆದ್ದಿತು.

ಮಯಾಮಿ ವೈದ್ಯರು ಹಿಂಜರಿದದ್ದನ್ನು ನಾನು ಮೂರ್ಖತನ ಅನ್ನುವುದಿಲ್ಲ. ಅಂಥ ಎಂಆರ್‌ಐ ಎದುರಿಗಿದ್ದರೆ ಮತ್ತೆ ಮೊದಲಿನಂತೆ ಆಗುತ್ತಾನೆ ಅಂತ ಬರೆದುಕೊಡುವುದು ಯಾರಿಗೂ ಕಷ್ಟ.

ಕಾವೇರಿತೀರ

ಆದರೆ ಅವರು ಬದಲಿಗೆ ಆರಿಸಿಕೊಂಡದ್ದು ಏನು ಎಂಬುದನ್ನೂ ಹೇಳಬೇಕು ಡಾಕ್ಟ್ರೇ. ಎರಡನೇ ಸುತ್ತಿನ ಆಯ್ಕೆ ಕೊಟ್ಟು ಮಿನೆಸೋಟಾದಿಂದ ಕ್ವಾರ್ಟರ್‌ಬ್ಯಾಕ್ ಡಾಂಟೆ ಕಲ್ಪೆಪ್ಪರ್‌ನನ್ನು ತಂದರು. ಅವನ ಮೊಣಕಾಲಿನ ಅಸ್ಥಿರಜ್ಜುಗಳು 2005ರ ಅಕ್ಟೋಬರ್‌ನಲ್ಲಷ್ಟೇ ಹರಿದಿದ್ದವು! 2006ರಲ್ಲಿ ಅವನು ನಾಲ್ಕೇ ಪಂದ್ಯ ಆಡಿದ. ತಂಡ 6-10. ಕೋಚ್ ನಿಕ್ ಸೇಬನ್ 2007ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ಅಲ್ಲಿ ಅವರದೇ ಯುಗ ಶುರುವಾಯಿತು. ಒಂದು ಭುಜದ ಅಂದಾಜು ಎರಡು ಮೂರು ಊರುಗಳ ಚರಿತ್ರೆಯನ್ನು ತಿರುಗಿಸಿತು.

ನ್ಯೂ ಆರ್ಲಿಯನ್ಸ್ ಆಗ ಯಾವ ಸ್ಥಿತಿಯಲ್ಲಿತ್ತು ನೆನಪಿಡಿ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ. ಒಡ್ಡುಗಳು ಒಡೆದು ಊರು ಮುಳುಗಿತು. ಸೂಪರ್‌ಡೋಮ್ ಸಾವಿರಾರು ನಿರಾಶ್ರಿತರ ತಂಗುದಾಣವಾಯಿತು, ಅದರ ಚಾವಣಿಯೂ ಕಿತ್ತುಹೋಯಿತು. ಸೇಂಟ್ಸ್ ಆ ವರ್ಷ ತವರಿಲ್ಲದ ತಂಡ, ಸ್ಯಾನ್ ಆಂಟೋನಿಯೋ, ಬ್ಯಾಟನ್ ರೂಜ್ ಅಂತ ಅಲೆದು 3-13. ಊರಿಗೆ ಹೊಸದಾಗಿ ಬಂದ ಕೋಚ್ ಪೇಟನ್. ಅಂಥ ಕಡೆಗೆ 2006ರ ಮಾರ್ಚ್‌ನಲ್ಲಿ ಬ್ರೀಸ್ ಆರು ವರ್ಷಕ್ಕೆ 6 ಕೋಟಿ ಡಾಲರ್‌ಗೆ ಸಹಿ ಹಾಕಿದ. ಇಬ್ಬರಿಗೂ ಬೇರೆ ಗತಿಯಿಲ್ಲದೆ ಕೂಡಿದ ಸಂಬಂಧ ಅದು, ಹಾಗೇ ಹದಿನೈದು ವರ್ಷ ಬಾಳಿತು.

ಸೆಪ್ಟೆಂಬರ್ 25ರ ಸೋಮವಾರ ರಾತ್ರಿ ಸೂಪರ್‌ಡೋಮ್ ಮತ್ತೆ ತೆರೆಯಿತು. ಎದುರಿಗೆ ಅಟ್ಲಾಂಟಾ. ಮೊದಲ ಸರದಿಯಲ್ಲೇ ಸೇಂಟ್ಸ್‌ನ ಸ್ಟೀವ್ ಗ್ಲೀಸನ್ ಪಂಟ್ (ಎದುರಾಳಿ ದೂರಕ್ಕೆ ಒದೆಯುವ ಚೆಂಡು) ತಡೆದ, ಚೆಂಡು ಗೆರೆಯಾಚೆ ಬಿತ್ತು, ಟಚ್‌ಡೌನ್. 23-3. ಆ ತಡೆಯ ಪ್ರತಿಮೆ ಇಂದೂ ಕ್ರೀಡಾಂಗಣದ ಹೊರಗಿದೆ. ಅದು ಬ್ರೀಸ್‌ನ ಎಸೆತವಲ್ಲ ನಿಜ. ಆದರೆ ಆ ವರ್ಷ 4,418 ಯಾರ್ಡ್ ಎಸೆದು ತಂಡವನ್ನು 10-6ಕ್ಕೆ ತಂದದ್ದು ಡಾಕ್ಟರುಗಳು ನಂಬದಿದ್ದ ಅದೇ ಭುಜ.

ಲೆಕ್ಕದ_ಪುಸ್ತಕ

ಸೂಪರ್ ಬೌಲ್ ವಿಷಯ ಬರುವ ಮುಂಚೆ ಪಾಸರ್ ರೇಟಿಂಗ್ (ಎಸೆತಗಾರನನ್ನು ಅಳೆಯುವ ಅಂಕ) ಲೆಕ್ಕ ಹೇಳಿಬಿಡುತ್ತೇನೆ, ಬಹಳ ಜನ ಅದನ್ನು ನೂರಕ್ಕೆ ಇಷ್ಟು ಅಂಕ ಅಂದುಕೊಳ್ಳುತ್ತಾರೆ. ಹಾಗಲ್ಲ, ಗರಿಷ್ಠ 158.3.

ನಾಲ್ಕು ಬಿಡಿ ಲೆಕ್ಕ. ಕೈ ಸೇರಿದ ಪ್ರಮಾಣದಿಂದ 0.3 ಕಳೆದು 5ರಿಂದ ಗುಣಿಸಿ. ಎಸೆತಕ್ಕೆ ಸಿಕ್ಕ ಸರಾಸರಿ ಯಾರ್ಡ್‌ನಿಂದ 3 ಕಳೆದು 4ರಿಂದ ಭಾಗಿಸಿ. ಎಸೆತಕ್ಕೆ ಟಚ್‌ಡೌನ್ ಪ್ರಮಾಣವನ್ನು 20ರಿಂದ ಗುಣಿಸಿ. ಇಂಟರ್‌ಸೆಪ್ಷನ್ ಪ್ರಮಾಣವನ್ನು 25ರಿಂದ ಗುಣಿಸಿ 2.375ರಿಂದ ಕಳೆಯಿರಿ. ಯಾವುದೂ 0ಗಿಂತ ಕಡಿಮೆ, 2.375ಕ್ಕಿಂತ ಹೆಚ್ಚು ಆಗುವಂತಿಲ್ಲ. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ.

2010ರ ಫೆಬ್ರವರಿ 7ರ ಸೂಪರ್ ಬೌಲ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಬ್ರೀಸ್: 39 ಎಸೆತ, 32 ಕೈ ಸೇರಿದವು, 288 ಯಾರ್ಡ್, 2 ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ. ಮೊದಲನೆಯದು 2.60 ಬರುತ್ತದೆ, ಮಿತಿಗೆ ಇಳಿಸಿ 2.375. ಎರಡನೆಯದು 1.096. ಮೂರನೆಯದು 1.026. ನಾಲ್ಕನೆಯದು ಪೂರ್ತಿ 2.375. ಮೊತ್ತ 6.872. ರೇಟಿಂಗ್ 114.5.

ಈ ಸೂತ್ರ ಹಿಡಿಯದ ಒಂದು ಸಂಗತಿಯಿದೆ. ಶುರುವಿನ 7 ಎಸೆತದಲ್ಲಿ 3 ಮಾತ್ರ ಕೈ ಸೇರಿದ್ದವು. ಉಳಿದ 32ರಲ್ಲಿ 29.

ಕಾವೇರಿತೀರ

ಆ ಪಂದ್ಯ ನಡೆದದ್ದು ಮಯಾಮಿಯಲ್ಲಿ, ಡಾಲ್ಫಿನ್ಸ್‌ನ ಕ್ರೀಡಾಂಗಣದಲ್ಲೇ! ಇದನ್ನು ಬಿಡಬಾರದು.

ಧಾರವಾಡ_ಪೇಡಾ

ಆ ಪಂದ್ಯ ನಾನೂ ಒಪ್ತೀನ್ರಿ, ಅವನ ಪಂದ್ಯನ. ಅರ್ಧಕ್ಕ 10-6 ಹಿಂದ ಇದ್ರು. ಎರಡನೇ ಅರ್ಧ ಶುರು ಆಗೂದ ಪೇಟನ್ ಆನ್‌ಸೈಡ್ ಕಿಕ್ (ತಾವ ಮತ್ತ ಹಿಡಿಯಾಕ ಸಣ್ಣಗ ಒದಿಯೋದು) ಹಾಕ್ಸಿದ. ಥಾಮಸ್ ಮೋರ್‌ಸ್ಟೆಡ್ ಒದ್ದ, ಕ್ರಿಸ್ ರೀಸ್ ಕೆಳಗ ಬಿದ್ದು ಹಿಡಕೊಂಡ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್, ಅವನ ಕೈಗೆ ಚೆಂಡು ಹೋಗದಂಗ ಮಾಡೋದ ಲೆಕ್ಕ. ಕೊನೀಗೆ ಟ್ರೇಸಿ ಪೋರ್ಟರ್ ಮ್ಯಾನಿಂಗ್‌ನ ಪಾಸ್ ಕಸ್ಕೊಂಡು 74 ಯಾರ್ಡ್ ಓಡಿದ. 31-17.

ಮೂರನೇ ಪ್ರಶ್ನಿಗೆ ನನ್ನ ಉತ್ತರ ಇಲ್ಲೇ ಐತಿ. ಗೆದ್ದ ವರ್ಷ ಡಿಫೆನ್ಸ್ ಚೆಂಡು ಕಸ್ಕೋತಿತ್ತು. ಉಳಿದ ವರ್ಷ ಕಸ್ಕೊಳ್ಳಿಲ್ಲ. ಬ್ರೀಸ್ 5,000 ಯಾರ್ಡ್ ದಾಟಿದ್ದು ಐದು ಸಲ: 2008, 2011, 2012, 2013, 2016. ಅದರಾಗ 2008, 2012, 2016ರಾಗ ತಂಡ ಪ್ಲೇಆಫ್ (ಸೀಸನ್ ಮುಗದ ಮ್ಯಾಲಿನ ನಾಕೌಟ್) ಮುಖನ ನೋಡ್ಲಿಲ್ಲ. ಡಿಫೆನ್ಸ್ ಪಾಯಿಂಟ್ ಬಿಟ್ಟುಕೊಟ್ಟಷ್ಟೂ ಇವ ಎಸೀಬೇಕು, ಎಸೆದಷ್ಟೂ ಯಾರ್ಡ್ ಬೆಳೀತಾವು. 2015ರಾಗ ಜೈಂಟ್ಸ್ ಮ್ಯಾಲ ಏಳು ಟಚ್‌ಡೌನ್ ಎಸೆದ್ರೂ ಗೆದ್ದದ್ದು 52-49, ಅದೂ ಮೂರ ಪಾಯಿಂಟಿಂದ.

ಲೆಕ್ಕದ_ಪುಸ್ತಕ

ಇದಕ್ಕೆ ಹಣದ ಕಾರಣವೂ ಇದೆ. 2012ರ ಜುಲೈನಲ್ಲಿ ಐದು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ. ಮೊದಲ ವರ್ಷವೇ 4 ಕೋಟಿ ಕೈಗೆ: 3.7 ಕೋಟಿ ಸಹಿ ಬೋನಸ್, 30 ಲಕ್ಷ ಸಂಬಳ. ಬೋನಸ್ಸನ್ನು ಸಂಬಳ ಮಿತಿಯ (ತಂಡವೊಂದು ವರ್ಷಕ್ಕೆ ಇಷ್ಟೇ ಕೊಡಬಹುದೆಂಬ ನಿಯಮದ) ಲೆಕ್ಕದಲ್ಲಿ ಐದು ವರ್ಷಕ್ಕೆ ಹಂಚುತ್ತಾರೆ, ವರ್ಷಕ್ಕೆ 74 ಲಕ್ಷ. ಹಾಗಾಗಿ 2012ರಲ್ಲಿ ಮಿತಿಗೆ ಬಿದ್ದ ಭಾರ 1.04 ಕೋಟಿ ಮಾತ್ರ. ಆದರೆ ಮುಂದಿನ ವರ್ಷಗಳಲ್ಲಿ ಸಂಬಳ ಏರುತ್ತದೆ, 74 ಲಕ್ಷ ಹಾಗೇ ಉಳಿಯುತ್ತದೆ. ಆ ಭಾರ ಕಡಿಮೆ ಮಾಡಲು ಸಂಬಳವನ್ನು ಮತ್ತೆ ಬೋನಸ್ ಮಾಡಿ ಇನ್ನೂ ಮುಂದಕ್ಕೆ ತಳ್ಳುತ್ತಾರೆ. ಸಾಲದ ಬಡ್ಡಿಗೆ ಸಾಲ ಮಾಡಿದ ಹಾಗೆ. ಡಿಫೆನ್ಸ್‌ಗೆ ಒಳ್ಳೆಯವರನ್ನು ತರಲು ಕೈಯಲ್ಲಿ ಉಳಿಯುವುದು ಕಡಿಮೆ. ಜೊತೆಗೆ 2012ರ ಇಡೀ ಸೀಸನ್ ಪೇಟನ್ ಅಮಾನತಿನಲ್ಲಿದ್ದರು. 2014, 15, 16 ಮೂರೂ ವರ್ಷ 7-9.

ಏಳನೇ_ಹೆಜ್ಜೆ

ಧಾರವಾಡದವರ ಮಾತಿಗೆ ಪೂರ್ತಿ ತಲೆದೂಗಲಾರೆ. 2011ರ ಸೀಸನ್ ನೋಡಿ: 657 ಎಸೆತ, 468 ಕೈ ಸೇರಿದವು, 5,476 ಯಾರ್ಡ್, 46 ಟಚ್‌ಡೌನ್. ಡ್ಯಾನ್ ಮರೀನೋ 1984ರಲ್ಲಿ ಹಾಕಿದ 5,084ರ ದಾಖಲೆ ಮುರಿಯಿತು, ತಂಡ 13-3 ಆಯಿತು. ಅದು ಸೋಲುತ್ತಾ ಕೂಡಿಹಾಕಿದ ಯಾರ್ಡ್ ಅಲ್ಲ. ಆ ವರ್ಷದ ಪ್ಲೇಆಫ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಕೊನೆಯ ನಿಮಿಷಗಳಲ್ಲಿ ಎರಡು ಸಲ ಮುನ್ನಡೆ ತಂದುಕೊಟ್ಟ, 9 ಸೆಕೆಂಡ್ ಉಳಿದಾಗ ಎದುರಾಳಿಯ ವರ್ನನ್ ಡೇವಿಸ್ ಟಚ್‌ಡೌನ್ ಹೊಡೆದು 36-32, ಸೇಂಟ್ಸ್ ಸೋತಿತು.

2018ರ ಜನವರಿ 14, ಮಿನೆಸೋಟಾ. ಪ್ಲೇಆಫ್ ಪಂದ್ಯದ ಕೊನೆಯ ಆಟದಲ್ಲಿ ಎದುರಾಳಿಯ ಸ್ಟೆಫಾನ್ ಡಿಗ್ಸ್ 61 ಯಾರ್ಡ್ ಟಚ್‌ಡೌನ್, ಮತ್ತೆ ಸೋಲು. 2019ರ ಜನವರಿ 20, ರ‍್ಯಾಮ್ಸ್ ವಿರುದ್ಧ ಟಾಮಿಲೀ ಲೂಯಿಸ್‌ಗೆ ಚೆಂಡು ಬರುವ ಮೊದಲೇ ನಿಕೆಲ್ ರೋಬಿ-ಕೋಲ್ಮನ್ ಗುದ್ದಿದ್ದು ಕ್ರೀಡಾಂಗಣಕ್ಕೆಲ್ಲ ಕಂಡಿತು, ರೆಫರಿ ತಪ್ಪು ಸಾರುವ ಬಾವುಟ ಎಸೆಯಲಿಲ್ಲ. ಮುಂದಿನ ಸೀಸನ್‌ಗೆ ನಿಯಮವನ್ನೇ ಬದಲಿಸಿದರು, ಒಂದೇ ವರ್ಷಕ್ಕೆ ಅದನ್ನೂ ಕೈಬಿಟ್ಟರು. ಹಾಗಂತ ಆ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಇಂಟರ್‌ಸೆಪ್ಷನ್ ಎಸೆದದ್ದು ಬ್ರೀಸ್, ಅದನ್ನು ಮುಚ್ಚಿಡಬಾರದು. ತೋಳಿಗೆ ಪೆಟ್ಟು ಬಿದ್ದು ಚೆಂಡು ತೇಲಿತು. ಮೊದಲ ಪೋಸ್ಟಿನಲ್ಲಿ ಹೇಳಿದ್ದು ಅದೇ: ಮುಂದೆ ಕಾಲಿಡಲು ಜಾಗ ಇರಲಿಲ್ಲ.

ಆಸ್ಟಿನ್_ಕನ್ನಡತಿ

ಇಷ್ಟಾದರೂ ಒಮ್ಮೆಯೂ ಲೀಗಿನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಪ್ರಶಸ್ತಿ ಅವನಿಗೆ ಬರಲಿಲ್ಲ. 2011ರ 5,476 ಯಾರ್ಡ್ ಇದೆಯಲ್ಲ, 2013ರಲ್ಲಿ ಪೇಟನ್ ಮ್ಯಾನಿಂಗ್ 5,477 ಎಸೆದು ಅದನ್ನು ಮುರಿದ. ಒಂದೇ ಯಾರ್ಡ್.

ಮೂಳೆ_ಡಾಕ್ಟರ್

ಕೊನೆಯ ವರ್ಷಗಳ ಗಾಯಗಳನ್ನೂ ಸೇರಿಸುತ್ತೇನೆ. 2019ರ ಸೆಪ್ಟೆಂಬರ್ 15ರಂದು ಎಸೆಯುವ ಕೈ ಆ್ಯರನ್ ಡೊನಾಲ್ಡ್ ಕೈಗೆ ಬಡಿದು ಬಲ ಹೆಬ್ಬೆರಳ ಬುಡದ ಅಸ್ಥಿರಜ್ಜು ಹರಿಯಿತು. ಚೆಂಡು ಹಿಡಿಯುವಾಗ ಬೆರಳುಗಳಿಗೆ ಎದುರು ಒತ್ತಡ ಕೊಡುವುದು ಅದೇ ಹೆಬ್ಬೆರಳು. ಅದು ಸಡಿಲಾದರೆ ಚೆಂಡು ಕೈ ಬಿಡುವಾಗ ಸುತ್ತು ಕೆಡುತ್ತದೆ. ಶಸ್ತ್ರಚಿಕಿತ್ಸೆಯಾಗಿ ಐದು ಪಂದ್ಯ ತಪ್ಪಿತು. ಟೆಡ್ಡಿ ಬ್ರಿಡ್ಜ್‌ವಾಟರ್ ಐದನ್ನೂ ಗೆಲ್ಲಿಸಿದ. ಡಿಸೆಂಬರ್ 16ಕ್ಕೆ ಕೋಲ್ಟ್ಸ್ ವಿರುದ್ಧ ಬ್ರೀಸ್ 30 ಎಸೆದು 29 ಮುಟ್ಟಿಸಿದ, ಮ್ಯಾನಿಂಗ್‌ನ 539 ಟಚ್‌ಡೌನ್ ದಾಖಲೆಯೂ ಅಂದೇ ದಾಟಿತು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳ ಹೆಬ್ಬೆರಳು ಅದು.

2020ರ ನವೆಂಬರ್‌ನಲ್ಲಿ ಹಲವು ಪಕ್ಕೆಲುಬು ಮುರಿದು ಶ್ವಾಸಕೋಶ ಕುಸಿಯಿತು. ನಾಲ್ಕು ಪಂದ್ಯ ಬಿಟ್ಟು ವಾಪಸಾದ. ಪಕ್ಕೆಲುಬಿಗೆ ಕಟ್ಟು ಹಾಕಲಾಗದು, ಪ್ರತಿ ಉಸಿರಿಗೂ ಅದು ಅಲುಗುತ್ತದೆ. ಮುಂಡ ತಿರುಗದಿದ್ದರೆ ಎಸೆತ ಪೂರ್ತಿ ಭುಜದ ಮೇಲೆ. ಅದೂ 2006ರ ಭುಜ. 2021ರ ಜನವರಿ 17ರ ಕೊನೆಯ ಪಂದ್ಯದಲ್ಲಿ ಟಾಂಪಾ ಬೇ ವಿರುದ್ಧ 134 ಯಾರ್ಡ್, 3 ಇಂಟರ್‌ಸೆಪ್ಷನ್. ಮಾರ್ಚ್ 14ಕ್ಕೆ ನಿವೃತ್ತಿ. 2023ರಲ್ಲಿ ಅವನೇ ಹೇಳಿದ್ದು, ಬಲಗೈಯಲ್ಲಿ ಈಗ ಎಸೆಯಲಾಗದು, ಮಕ್ಕಳೊಂದಿಗೆ ಎಡಗೈಯಲ್ಲಿ ಎಸೆಯುತ್ತೇನೆ ಎಂದು. ಕೀಲು ಸವೆದಿದೆ. ಹಾಗೆ ದುರಸ್ತಿಯಾದ ಕೀಲು ಹದಿನೈದು ಸೀಸನ್ ಎಸೆದದ್ದಕ್ಕೆ ತೆತ್ತ ಬೆಲೆ ಇದು.

ಧಾರವಾಡ_ಪೇಡಾ

ಇದು ಗೊತ್ತಿರ್ಲಿಲ್ರಿ ಡಾಕ್ಟ್ರ. ಓದಿ ಮನಸಿಗೆ ಬ್ಯಾಸರ ಆತು.

ಭಾನುವಾರದ_ರಾತ್ರಿ

ಎಲ್ಲರಿಗೂ ಧನ್ಯವಾದ. ಒಂದೇ ಪಂದ್ಯ ನೋಡಿ ಅವನ ಪಾದ ಅರ್ಥ ಮಾಡಿಕೊಳ್ಳಬೇಕೆಂದರೆ ಯಾವುದು ನೋಡಲಿ?

ಏಳನೇ_ಹೆಜ್ಜೆ

ಸೂಪರ್ ಬೌಲ್ 44, ಮೂರನೇ ಕಾಲುಭಾಗ, ಆನ್‌ಸೈಡ್ ಕಿಕ್ ಆದ ಮೇಲಿನ ಸರದಿ. ಅದರ ಕೊನೆಯ ಆಟ ಪಿಯೆರ್ ಥಾಮಸ್‌ಗೆ ಕೊಟ್ಟ ಸ್ಕ್ರೀನ್ ಪಾಸ್, 16 ಯಾರ್ಡ್ ಟಚ್‌ಡೌನ್. ಸ್ಕ್ರೀನ್‌ನಲ್ಲಿ ಲೈನ್‌ಮನ್‌ಗಳು ಎರಡು ಎಣಿಕೆಯಷ್ಟು ತಡೆದು ಬೇಕೆಂದೇ ಬಿಡುತ್ತಾರೆ, ತಾವು ಪಕ್ಕಕ್ಕೆ ಓಡಿ ರನ್ನಿಂಗ್ ಬ್ಯಾಕ್ ಮುಂದೆ ದಾರಿ ಕಟ್ಟುತ್ತಾರೆ. ಕ್ವಾರ್ಟರ್‌ಬ್ಯಾಕ್ ಬೇಗ ತಿರುಗಿದರೆ ಗುಟ್ಟು ರಟ್ಟು, ತಡಮಾಡಿದರೆ ಮೈಮೇಲೆ ಮೂವರು. ಮೊದಲ ಸಲ ಚೆಂಡನ್ನು ನೋಡಬೇಡಿ, ಬ್ರೀಸ್‌ನ ಸೊಂಟದ ಕೆಳಗೆ ಮಾತ್ರ ನೋಡಿ. ಎರಡನೇ ಸಲ ಎರಡು ಗಾರ್ಡ್‌ಗಳನ್ನು ನೋಡಿ. ಮೂರನೇ ಸಲ ಬೇಕಾದರೆ ಥಾಮಸ್‌ನ ಓಟ. ಆಮೇಲೆ ನಾಲ್ಕನೇ ಕಾಲುಭಾಗಕ್ಕೆ ಹೋಗಿ, ಜೆರೆಮಿ ಶಾಕಿಗೆ ಎರಡು ಯಾರ್ಡ್‌ನ ಟಚ್‌ಡೌನ್ ಕೊಟ್ಟು ಮುನ್ನಡೆ ಹಿಡಿದ ಸರದಿ ಪೂರ್ತಿ ನೋಡಿ. ಪ್ರತಿ ಎಸೆತಕ್ಕೂ ಹೆಜ್ಜೆ ಎಣಿಸಿ: ಮೂರೋ, ಐದೋ. ಎಣಿಸಿದ್ದನ್ನು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.